ಅಣ್ಣನಿಗೊಂದು ಮುಖ

ಶಿಲ್ಪಿಯ ಹೆಬ್ಬೆರಳು ತನ್ನ ಹುಬ್ಬುಗಳ ಮೇಲೆ ವ್ಯಾಸಲಿನ್ ಬಳಿಯುತ್ತಿದ್ದಾಗ, ಈ ಬೆರಳು ಬೆಳಿಗ್ಗೆಯಿಂದ ಏನೇನು ಮುಟ್ಟಿರಬಹುದೆಂದು ಅವಳು ಯೋಚಿಸುತ್ತಿದ್ದಳು. ಸಿಗರೇಟು ಮುಟ್ಟಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಹಸಿಮಣ್ಣು, ಈರುಳ್ಳಿ, ತುಕ್ಕು ಹಿಡಿದ ಬೀಗ. ಎಲ್ಲದರ ಅಡಿಯಲ್ಲಿ ಬೆವರಿನ ಒಂದು ತೆಳ್ಳನೆಯ ಹುಳಿ. ಡೈರಿಯಲ್ಲಿ ಹಾಲು ಇಳಿಸಿಕೊಳ್ಳುವ ಕಟ್ಟೆಯ ಮೇಲೆ ನಿಂತು, ಕ್ಯಾನಿನ ಮುಚ್ಚಳ ಎತ್ತಿದ ಕೂಡಲೇ ಮೂಗೊಡ್ಡಿ, ಇದು ಒಳಗೆ, ಇದು ವಾಪಸ್ಸು ಎಂದು ಹೇಳುವುದು ಅವಳ ಕೆಲಸ. ಅನುಮಾನ ಬಂದ ಕ್ಯಾನಿನಿಂದ ಮಾತ್ರ ಒಂದಿಷ್ಟು ಹಾಲನ್ನು ಗಾಜಿನ ನಳಿಕೆಗೆ ಹಾಕಿ, ಅಷ್ಟೇ ಸ್ಪಿರಿಟ್ ಬೆರೆಸಿ ಅಲ್ಲಾಡಿಸಿ ನೋಡುತ್ತಾಳೆ, ಒಡೆದರೆ ವಾಪಸ್ಸು. ಉಳಿದಂತೆ ಮೂಗೇ ಸಾಕು. ಅಣ್ಣ ಸತ್ತ ಮೇಲೆ ಆ ಮೂಗಿಗೆ ಕೆಲಸ ಬಿಡುವ ಹೊತ್ತು ಎನ್ನುವುದೇ ಇಲ್ಲವಾಗಿತ್ತು. ಬಸ್ಸಿನ ಕಂಬಿ, ಸಮಾಧಾನ ಹೇಳಲು ಬಂದವರ ಅಂಗೈ, ಅವರು ತಂದ ಹಣ್ಣಿನ ಬುಟ್ಟಿಯ ತಳ, ಎಲ್ಲವೂ ಮುಚ್ಚಳ ತೆಗೆದ ಕ್ಯಾನಿನಂತೆ ಎದುರಿಗೆ ಬಂದು ನಿಲ್ಲುತ್ತಿದ್ದವು. ಎಲ್ಲಕ್ಕೂ ಅವಳು ಒಳಗೊಳಗೇ ವಾಪಸ್ಸು, ವಾಪಸ್ಸು ಎನ್ನುತ್ತಿದ್ದಳು.

"ರೆಪ್ಪೆಗೆ ಸ್ವಲ್ಪ ಜಾಸ್ತಿ ಹಚ್ತೀನಿ. ಇಲ್ಲಾಂದ್ರೆ ತೆಗೆಯೋವಾಗ ಕೂದಲೆಲ್ಲಾ ಕಿತ್ಕೊಂಡು ಬರುತ್ತೆ," ಎಂದ ಶಿಲ್ಪಿ.

ಬೆಂಚಿನ ಮೇಲೆ ಅಂಗಾತ ಮಲಗಿದ್ದ ಅವಳಿಗೆ ಶೆಡ್ಡಿನ ತಗಡಿನ ಮಾಡು ಕಾಣುತ್ತಿತ್ತು. ತಗಡಿನ ತೂತೊಂದರಿಂದ ಬಿಸಿಲಿನ ಕೋಲು ಇಳಿದು, ಗೇಟುಗಳ ಮೇಲೆ ಕೂರಿಸಲು ಮಾಡಿಟ್ಟಿದ್ದ ಸಿಮೆಂಟಿನ ಸಿಂಹವೊಂದರ ಬಾಯೊಳಗೆ ಬಿದ್ದಿತ್ತು. ಕಾಲಿನ ಕಡೆ ಅಮ್ಮ ಮೊಣಕಾಲ ಮೇಲೆ ಟವಲು ಮಡಿಸಿಟ್ಟುಕೊಂಡು ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವುದೂ ಹೀಗೆಯೇ, ಯಾರಾದರೂ ಎಬ್ಬಿಸಿದರೆ ಎದ್ದು ಜಾಗ ಬಿಡುವವಳಂತೆ. ಅಮ್ಮನ ಹಿಂದೆ ಸೋದರಮಾವ. ಕಿಟಕಿಯ ಹತ್ತಿರ, ಬಟ್ಟೆಗೆ ಸುಣ್ಣ ತಾಗದ ಹಾಗೆ ಗೋಡೆಯಿಂದ ದೂರ ನಿಂತಿದ್ದವರು ಅಣ್ಣ ಓದಿದ ಸ್ಕೂಲಿನ ಹೆಡ್‌ಮಾಸ್ಟರು. ಸ್ಕೂಲಿನ ಗೇಟಿನ ಒಳಗೆ ಅಣ್ಣನ ಎದೆಮಟ್ಟದ ಪ್ರತಿಮೆ ನಿಲ್ಲಿಸಬೇಕೆಂದು ಹಟ ಹಿಡಿದು ಓಡಾಡಿದ್ದು ಅವರೇ. ಆದರೆ ಪ್ರತಿಮೆಗೆ ಮುಖ ಸಿಕ್ಕಿರಲಿಲ್ಲ. ಅಣ್ಣನ ಒಳ್ಳೆಯ ಫೋಟೋಗಳೆಲ್ಲ ವಿಮಾನದ ಪಕ್ಕದಲ್ಲಿ ನಿಂತವು, ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಗಲ್ಲದ ಕೆಳಗೆ ಜೋತುಬಿದ್ದ, ಉಸಿರಾಟದ ರಬ್ಬರಿನ ಸೊಂಡಿಲು. ಅವುಗಳನ್ನು ನೋಡಿ ಶಿಲ್ಪಿ ಮಾಡಿದ ಮೊದಲ ಮಣ್ಣಿನ ತಲೆಯನ್ನು ಅಮ್ಮ ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಯಾರ ಮಗ ಇವನು?" ಎಂದಿದ್ದಳು. ಎರಡನೆಯದನ್ನು ನೋಡಿ ಟವಲಿನಿಂದ ಅದರ ಮುಖ ಮುಚ್ಚಿಬಿಟ್ಟಿದ್ದಳು. ಶವಪೆಟ್ಟಿಗೆಯನ್ನು ಮುಚ್ಚಿಯೇ ತಂದಿದ್ದರು, ತೆರೆಯಬೇಡಿ ಎಂದಿದ್ದರು. ಅಮ್ಮನಿಗೆ ಬೇಕಾಗಿದ್ದುದು ಪ್ರತಿಮೆಯಲ್ಲ, ನೋಡಲು ಸಿಗದೆ ಹೋದ ಆ ಮುಖ. ಒಂದೇ ಒಂದು ಸಲ, ಸಾವಕಾಶವಾಗಿ. ಇದು ಹೆಡ್‌ಮಾಸ್ಟರಿಗೆ ಅರ್ಥವಾಗಿರಲಿಲ್ಲ, ಶಿಲ್ಪಿಗೆ ಅರ್ಥವಾಯಿತು. ಅವನು ಸಿಗರೇಟು ಆರಿಸಿ, ಅಮ್ಮನ ಪಕ್ಕದಲ್ಲಿ ನಿಂತಿದ್ದ ಇವಳ ಮುಖವನ್ನೇ ದಿಟ್ಟಿಸಿ, ಒಂದು ಕಬ್ಬಿಣದ ಕೈವಾರ ತಂದು ಕೆನ್ನೆಯಿಂದ ಕೆನ್ನೆಗೆ, ಹಣೆಯಿಂದ ಗಲ್ಲಕ್ಕೆ ಅಳೆದು, ಫೋಟೋದ ಮೇಲೂ ಅಳೆದು, "ಎರಡೂ ಒಂದೇ ಮೂಳೆ. ಇವರ ಮುಖದ ಅಚ್ಚು ತಗೊಂಡ್ರೆ ಅವರೇ ಬರ್ತಾರೆ," ಎಂದಿದ್ದ.

"ಮೀಸೆ ಒಂದು ಅಂಟಿಸಿದ್ರೆ ಆಯ್ತು ಬಿಡಿ," ಎಂದು ಮಾವ ನಕ್ಕಿದ್ದ. ಅಮ್ಮನ ಮುಖ ನೋಡಿ ನಗು ಅರ್ಧಕ್ಕೇ ನುಂಗಿಕೊಂಡಿದ್ದ.

ಈಗ ಶಿಲ್ಪಿ ಅವಳ ಮೂಗಿನ ಎರಡು ಹೊಳ್ಳೆಗಳಿಗೂ ಸೋಡಾ ಕುಡಿಯುವ ನಳಿಕೆಯ ತುಂಡುಗಳನ್ನು ಸಿಕ್ಕಿಸಿ ಸುತ್ತಲೂ ಹತ್ತಿ ತುರುಕಿದ. "ಉಸಿರಾಟಕ್ಕೆ ಏನೂ ತೊಂದ್ರೆ ಇಲ್ಲ. ಮಾತಾಡೋ ಹಾಗಿಲ್ಲ, ನಗೋ ಹಾಗಿಲ್ಲ, ಮುಖ ಕಿವುಚೋ ಹಾಗಿಲ್ಲ. ಪ್ಲಾಸ್ಟರ್ ಗಟ್ಟಿಯಾಗೋವರೆಗೂ ನಿದ್ದೆ ಬಂದಿದೆ ಅಂದ್ಕೊಳ್ಳಿ. ಅಷ್ಟಕ್ಕೂ ತಡೀಲಾರೆ ಅನ್ಸಿದ್ರೆ ಕೈ ಎತ್ತಿ, ತೆಗೆದುಬಿಡ್ತೀನಿ."

"ಎತ್ತಲ್ಲ ಬಿಡಿ, ಗಟ್ಟಿಗಿತ್ತಿ," ಎಂದ ಮಾವ.

ಮೊದಲ ಚಮಚ ಹಣೆಯ ಮೇಲೆ ಬಿತ್ತು. ಒಡೆದ ಹಾಲಿನಷ್ಟು ತಣ್ಣಗೆ, ಅಷ್ಟೇ ದಪ್ಪ. ಅದು ಹರಿದು ಹುಬ್ಬಿನ ಬುಡದಲ್ಲಿ ನಿಂತು, ಮತ್ತೊಂದು ಚಮಚ ಬಂದು ತಳ್ಳಿದಾಗ ಕಣ್ಣುಗುಳಿಗೆ ಇಳಿಯಿತು. ಮುಚ್ಚಿದ್ದ ರೆಪ್ಪೆಗಳು ಭಾರವಾದವು. ಕೆನ್ನೆ, ತುಟಿ, ಗಲ್ಲ. ತುಟಿಯ ಮೇಲೆ ಬಿದ್ದಾಗ ಬಾಯಿ ತೆರೆದು ಉಗುಳಿಬಿಡುವಷ್ಟು ಹೇಸಿಗೆಯಾಯಿತು. ತಡೆದುಕೊಂಡಳು. ನಳಿಕೆಗಳಲ್ಲಿ ಉಸಿರು ಸಿಳ್ಳು ಹಾಕತೊಡಗಿತು. ವಾಸನೆ ಎನ್ನುವುದು ಇದ್ದಕ್ಕಿದ್ದಂತೆ ನಿಂತುಹೋಯಿತು. ಬಂದದ್ದು ಪ್ಲಾಸ್ಟಿಕ್ಕಿನೊಳಗಿಂದ ಸೋಸಿದ ಬರೀ ಗಾಳಿ. ಎಷ್ಟೋ ತಿಂಗಳ ನಂತರ ಲೋಕಕ್ಕೆ ನಾತವಿರಲಿಲ್ಲ. ಇದರಿಂದ ಹಾಯೆನಿಸಬೇಕಾಗಿತ್ತು. ಹಾಗೆನಿಸದೆ, ಓ, ಹೀಗಾ ಇರುತ್ತಿತ್ತು ಅವನಿಗೆ ಮೇಲೆ ಆಕಾಶದಲ್ಲಿ, ಎಂದುಕೊಂಡಳು.

"ಪೀಠ ಎಷ್ಟು ಎತ್ತರ ಇರಬೇಕು ಅಂತೀರಾ?" ಹೆಡ್‌ಮಾಸ್ಟರ ದನಿ, ನೀರೊಳಗಿಂದ ಬಂದಂತೆ. ಮುಖ ಮುಚ್ಚಿದ್ದರಿಂದ ಇವಳಿಗೆ ಕಿವಿಯೂ ಕೇಳುವುದಿಲ್ಲವೆಂದು ಅವರೆಲ್ಲ ತೀರ್ಮಾನಿಸಿದಂತಿತ್ತು.

"ಎತ್ತರ ಮಾಡ್ಸಿ ಸಾರ್. ಕೆಳಗಿದ್ರೆ ಹುಡುಗ್ರು ಕುತ್ತಿಗೆಗೆ ಬ್ಯಾಗು ನೇತುಹಾಕ್ತಾರೆ," ಎಂದ ಮಾವ.

"ನಮ್ಮ ಮಕ್ಕಳು ಹಾಗೆಲ್ಲ ಮಾಡೋರಲ್ಲ."

"ನಾನೂ ನಿಮ್ಮ ಸ್ಕೂಲಲ್ಲೇ ಓದಿದ್ದು ಸಾರ್, ನಂಗೊತ್ತು. ಹುಡುಗ್ರು ಬಿಟ್ರೂ ಕಾಗೆ ಬಿಡಲ್ಲ. ಕಾಗೆಗೆ ದೇಶಭಕ್ತಿ ಎಲ್ಲಿಂದ ಬರ್ಬೇಕು?"

"ಸುಮ್ನಿರೋ," ಎಂದಳು ಅಮ್ಮ, ಸಿಟ್ಟಿಲ್ಲದೆ. ತಮ್ಮನಿಗೆ ಹೀಗೆ ಹೇಳುತ್ತಲೇ ಅವಳಿಗೆ ಐವತ್ತು ದಾಟಿತ್ತು.

ದೇಶಭಕ್ತಿ ಎನ್ನುವುದನ್ನು ಇವಳೂ ಚಪ್ಪರಿಸಿದ್ದಳು. ಅದನ್ನು ಈಗ ಇಲ್ಲವೆನ್ನಲು ಬಾರದು. ಯುದ್ಧ ಶುರುವಾದ ವಾರ ಡೈರಿಯ ಬಸ್ಸಿನಲ್ಲಿ, ಯಾರೂ ಕೇಳದಿದ್ದರೂ, "ನಮ್ಮಣ್ಣ ಬಾಂಬರ್ ಹಾರಿಸ್ತಾನೆ" ಎಂದು ಹೇಳಿದ್ದಳು. ಕ್ಯಾನು ತೊಳೆಯುವ ವಿಭಾಗದ ಹೆಂಗಸೊಬ್ಬಳು, ಅಲ್ಲಿಯವರೆಗೆ ಇವಳನ್ನು ಮಾತಾಡಿಸದೇ ಇದ್ದವಳು, ಎದ್ದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದಳು. ಇವಳು ಕೂತಿದ್ದಳು. ಆಮೇಲೆ ದಿನವೂ ಅದೇ ಸೀಟು. ರಾತ್ರಿ ರೇಡಿಯೋದಲ್ಲಿ ನಮ್ಮ ವಿಮಾನಗಳು ಇಂಥಿಂಥ ಕಡೆ ಶತ್ರುವಿನ ಇಂಥಿಂಥದನ್ನು ನಾಶ ಮಾಡಿದವು ಎಂದು ಬರುವಾಗ ಅಮ್ಮ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸುತ್ತಿದ್ದಳು. ನಮ್ಮ ಎಲ್ಲ ವಿಮಾನಗಳೂ ಸುರಕ್ಷಿತವಾಗಿ ಮರಳಿವೆ ಎಂದಾಗಲೇ ಕೈ ಬಿಡುತ್ತಿದ್ದಳು. ಅಮ್ಮನಿಗೆ ಆ ಒಂದು ವಾಕ್ಯ ಸಾಕಿತ್ತು. ಇವಳಿಗೆ ಮೊದಲ ಭಾಗವೂ ಬೇಕಾಗಿತ್ತು. ನಾಶ ಎನ್ನುವ ಪದ ಬಂದಾಗ ಗಂಟಲಲ್ಲಿ ಸಿಹಿಯಾದುದೇನೋ ಇಳಿಯುತ್ತಿತ್ತು, ಅಣ್ಣ ಕ್ಲಾಸಿಗೆ ಮೊದಲು ಬಂದ ದಿನಗಳಲ್ಲಿ ಇಳಿದ ಹಾಗೆ. ಆ ಸಿಹಿಯ ನೆನಪೇ ಈಗ ವಾಕರಿಕೆ ತರಿಸುತ್ತದೆ. ಪ್ಲಾಸ್ಟರಿನ ಕೆಳಗೆ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಹೇಸಿಗೆ ಮೊದಲು ಅವನದಾಗಿತ್ತು, ಇವಳದಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದರೆ ಲೋಟ ತಳ್ಳಿಬಿಡುತ್ತಿದ್ದ. ಬೇರೆಯವರು ಕಚ್ಚಿದ ಪೆನ್ಸಿಲನ್ನು ಮುಟ್ಟುತ್ತಿರಲಿಲ್ಲ. ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲನ್ನು ತೆಗೆಯುವ ಸರದಿ ಬಂದರೆ ಇವಳ ಬೆನ್ನು ಹತ್ತಿ, "ಸುಂಡಿಲಿ, ನೀನೇ ತೆಗಿಯೇ, ನಿನ್ನ ಲೆಕ್ಕ ಎಲ್ಲಾ ನಾನು ಮಾಡ್ಕೊಡ್ತೀನಿ," ಎಂದು ಗೋಗರೆಯುತ್ತಿದ್ದ. ಏನು ಸಿಕ್ಕಿದರೂ ಮೂಸಿ ನೋಡುತ್ತಿದ್ದ ಅವಳಿಗೆ ಸುಂಡಿಲಿ ಎಂದು ಹೆಸರಿಟ್ಟವನು ಅವನೇ. ಅವಳು ಕೂದಲು ತೆಗೆಯುತ್ತಿದ್ದಳು, ಅವನು ಲೆಕ್ಕ ಮಾಡುತ್ತಿದ್ದ. ಅಷ್ಟು ಚೊಕ್ಕವಾದ ಲೆಕ್ಕ. ಅಂಕಿಗಳು ಒಂದರ ಕೆಳಗೊಂದು ನಿಂತ ರೀತಿಯನ್ನು ನೋಡಿಯೇ ಮೇಷ್ಟ್ರು ಇದು ಇವಳದಲ್ಲವೆಂದು ಹಿಡಿದುಬಿಡುತ್ತಿದ್ದರು. ವಾಯುಪಡೆಗೆ ಸೇರುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ: "ಅಲ್ಲಿ ಬಚ್ಚಲು ಯಾರ್ಯಾರ ಜೊತೇಲೋ ಹಂಚ್ಕೋಬೇಕಂತೆ, ನಿನ್ನ ಕೈಲಿ ಆಗುತ್ತೇನೋ?" ಅವನು ನಕ್ಕು, "ಬಚ್ಚಲಲ್ಲಿ ಎಷ್ಟು ಹೊತ್ತು ಇರ್ತೀನಮ್ಮಾ, ಮೇಲೇ ಇರ್ತೀನಿ," ಎಂದಿದ್ದ. ಮೇಲೆ ಎಲ್ಲ ಚೊಕ್ಕವಾಗಿರುತ್ತದೆಂದು ಅವನು ನಿಜವಾಗಿಯೂ ನಂಬಿದ್ದ. ಮೊದಲ ಸಲ ರೆಕ್ಕೆಯ ಬ್ಯಾಡ್ಜು ಹಚ್ಚಿದ ಕೋಟು ಮನೆಗೆ ತಂದಾಗ, ಹೊಲಿಗೆ ಸೊಟ್ಟಗಿದೆ ಎಂದು ಅಮ್ಮ ಅದನ್ನು ಬಿಚ್ಚಿ, ಕಾಣದ ಹಾಗೆ ಮತ್ತೆ ಹೊಲಿದಿದ್ದಳು. ಬೀದಿಯವರೆಲ್ಲ ಬಂದು ಆ ರೆಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದರು. ಅವರೆಲ್ಲ ಹೋದ ಮೇಲೆ ಅವನು ಗುಟ್ಟಾಗಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಕೊಂಡಿದ್ದ.

ಪ್ಲಾಸ್ಟರು ಬಿಸಿಯಾಗತೊಡಗಿತ್ತು. ಶಿಲ್ಪಿ ಮೊದಲೇ ಹೇಳಿದ್ದ, ಗಟ್ಟಿಯಾಗುವಾಗ ಬಿಸಿ ಬರುತ್ತದೆ, ಸುಡುವುದಿಲ್ಲ ಎಂದು. ಮೊದಲು ಹಣೆಯಲ್ಲಿ, ಆಮೇಲೆ ದಪ್ಪವಾಗಿ ಬಿದ್ದಿದ್ದ ಗಲ್ಲದಲ್ಲಿ. ಜ್ವರದ ಮಗುವಿನ ಮೈಯಂಥ ಬಿಸಿ. ಆಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ಸುಡುವುದಿಲ್ಲ, ಸುಡುವುದಿಲ್ಲ ಎಂದು ಅವಳು ಉಸಿರಿನ ಸಿಳ್ಳಿಗೆ ಸರಿಯಾಗಿ ಹೇಳಿಕೊಂಡಳು. ಶವಪೆಟ್ಟಿಗೆಯನ್ನು ಹಜಾರದಲ್ಲಿ ಇಳಿಸಿದ ದಿನ, ಎಲ್ಲರೂ ಅಮ್ಮನನ್ನು ಹಿಡಿದುಕೊಂಡಿದ್ದಾಗ, ಇವಳು ಬಗ್ಗಿ ಮುಚ್ಚಳದ ಸಂದಿಗೆ ಮೂಗಿಟ್ಟಿದ್ದಳು. ನೋಡಿದವರು ಮುತ್ತಿಡುತ್ತಿದ್ದಾಳೆಂದು ತಿಳಿದು ಇನ್ನಷ್ಟು ಅತ್ತರು. ಅವಳು ಮೂಸಿದ್ದಳು. ಹೊಸ ವಾರ್ನಿಷಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಸತ್ತು ಅಷ್ಟು ದಿನವಾದ ಮೇಲೆ ಏನಾದರೂ ನಾತ ಇರಲೇಬೇಕಾಗಿತ್ತು. ಏನೂ ಇಲ್ಲವೆಂದರೆ ಒಳಗೆ ಏನೂ ಇಲ್ಲವೆಂದೇ ಅರ್ಥ. ಮರಳಿನ ಚೀಲವೋ, ಇಟ್ಟಿಗೆಯೋ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅಮ್ಮ ಆ ಪೆಟ್ಟಿಗೆಯ ತಲೆಯ ಕಡೆಯನ್ನು ರಾತ್ರಿಯೆಲ್ಲ ನೇವರಿಸುತ್ತಿದ್ದಳು.

"ಭಾಷಣದಲ್ಲಿ ಕೊನೆಯ ಉಸಿರಿರೋವರೆಗೂ ಶತ್ರುವಿನ ಜೊತೆ ಹೋರಾಡಿ ಅಂತ ಹಾಕಿದೀನಿ," ಹೆಡ್‌ಮಾಸ್ಟರು ದನಿ ತಗ್ಗಿಸಿದ್ದರು, ಅಮ್ಮನಿಗೆ ಕೇಳಬಾರದೆಂದು. ಬೆಂಚಿನ ತಲೆಯ ಕಡೆಗೇ ಸರಿದು ಬಂದಿದ್ದರು. "ಅದು... ಸರಿಹೋಗುತ್ತಲ್ವಾ?"

"ಹಾಕಿ ಸಾರ್. ಕೊಕ್ಕೆ ವಿಷಯ ಮಾತ್ರ ಎತ್ತಬೇಡಿ," ಎಂದ ಮಾವ.

ಕೊಕ್ಕೆಯ ವಿಷಯವನ್ನು ಮನೆಗೆ ಬಂದ ಅಧಿಕಾರಿ ಮಾವನಿಗೆ ಮಾತ್ರ, ಬಾಗಿಲಾಚೆ ಕರೆದುಕೊಂಡು ಹೋಗಿ ಹೇಳಿದ್ದ. ಮಾವ ಇವಳಿಗೆ ಹೇಳಿದ, ಆಮೇಲೆ ಹೆಡ್‌ಮಾಸ್ಟರಿಗೂ. ದಾಳಿ ಮುಗಿಸಿ ಎಲ್ಲ ವಿಮಾನಗಳೂ ಮರಳಿದ್ದವು. ಅಣ್ಣನದೂ ಮರಳಿತ್ತು. ಆದರೆ ಒಂದು ಬಾಂಬು ಬಿದ್ದಿರಲಿಲ್ಲ, ಹೊಟ್ಟೆಯ ಕೆಳಗೆ ಕೊಕ್ಕೆಯಲ್ಲೇ ಉಳಿದಿತ್ತು. ಚಕ್ರ ನೆಲ ಮುಟ್ಟಿದ ಏಟಿಗೆ ಕಳಚಿ ಸಿಡಿಯಿತು. ನಮ್ಮದೇ ನೆಲ, ನಮ್ಮದೇ ಬಾಂಬು. "ಕೆಲವು ಸಲ ಹಾಗಾಗುತ್ತಂತೆ, ಕೊಕ್ಕೆ ತುಕ್ಕು ಹಿಡಿಯುತ್ತಂತೆ, ಮೇಲೆ ಚಳಿಗೆ ಬಿಗಿಯುತ್ತಂತೆ. ಗುಂಡಿ ಒತ್ತಿದ್ರೂ ಬೀಳಲ್ವಂತೆ," ಎಂದಿದ್ದ ಮಾವ. ಒತ್ತಿದರೂ. ಅವನು ಒತ್ತಿದನೆಂದು ನೋಡಿದವರು ಯಾರು? ಜೊತೆಯಲ್ಲಿದ್ದವನೂ ಹೋದ. ಕೊಕ್ಕೆ ಬಿಗಿದುಕೊಂಡಿತ್ತೋ, ಇಲ್ಲ ಅವನು ಒತ್ತಲೇ ಇಲ್ಲವೋ. ಒತ್ತಲಿಲ್ಲವೆಂದಾದರೆ ಯಾಕೆ ಒತ್ತಲಿಲ್ಲ? ಈ ಪ್ರಶ್ನೆ ಬಂದಾಗಲೆಲ್ಲ ಅವಳ ಮುಂದೆ ಒಂದು ಗಾಜಿನ ಲೋಟ ಬಂದು ನಿಲ್ಲುತ್ತಿತ್ತು.

ಅದು ಅವನ ಕೊನೆಯ ರಜೆ. ಮಧ್ಯಾಹ್ನ. ಅಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಅಣ್ಣ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ನೀರು ಕುಡಿಯುತ್ತಿದ್ದ, ಇವಳು ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದಳು. ಮೇಲಿಂದ ಏನು ಕಾಣುತ್ತದೆ ಎಂದು ಇವಳೇ ಕೇಳಿದ್ದು, ನಾಳೆ ಬಸ್ಸಿನಲ್ಲಿ ಹೇಳಲು.

"ಏನಿಲ್ಲ. ಮೊದಲು ಧೂಳು, ಆಮೇಲೆ ಹೊಗೆ. ಸದ್ದೂ ಇಲ್ಲ, ವಾಸನೆನೂ ಇಲ್ಲ. ನಿನ್ನಂಥೋರಿಗೆ ಹೇಳಿ ಮಾಡಿಸಿದ ಕೆಲ್ಸ ನೋಡು, ಸುಂಡಿಲಿ."

"ಜನ ಕಾಣಲ್ವಾ?"

ಅವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. "ಒಂದ್ಸಲ ಕಂಡ್ರು. ಮೋಡ ಇತ್ತು, ತೀರಾ ಕೆಳಗೆ ಇಳಿದಿದ್ವಿ. ಸೇತುವೆ ಹೊಡೀಬೇಕಿತ್ತು. ಸೇತುವೆ ಕೆಳಗೆ ಹೆಂಗಸ್ರು ಬಟ್ಟೆ ಒಗೀತಿದ್ರು. ಒಬ್ಬಳು ತಲೆ ಎತ್ತಿ ನೋಡಿದ್ಲು. ಮಳೆ ಬರುತ್ತೇನೋ, ಬಟ್ಟೆ ಎತ್ಕೋಬೇಕೇನೋ ಅಂತ ನೋಡ್ತೀವಲ್ಲ, ಹಾಗೆ."

"ಆಮೇಲೆ?"

"ಆಮೇಲೇನು. ಒತ್ತಿದೆ." ಅವನು ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದು ಮುಗಿಸಿದ. ಆಮೇಲೆ, ಅದೇ ದನಿಯಲ್ಲಿ, ಬೇರೆ ಯಾರದೋ ವಿಷಯ ಹೇಳುವವನಂತೆ, "ವಾಪಸ್ ಬಂದವರಿಗೆ ಮೆಸ್ಸಲ್ಲಿ ಮೊಟ್ಟೆ ಕೊಡ್ತಾರೆ. ಹೋಗಿ ಬಂದವರಿಗೆ ಮಾತ್ರ. ಅವತ್ತು ಹಸಿವು ಹೇಗಿತ್ತು ಅಂತೀಯಾ! ಇನ್ನೊಂದು ಕೊಡಿ ಅಂತ ಕೇಳಿ ಇಸ್ಕೊಂಡು ತಿಂದೆ ಕಣೇ. ಅಷ್ಟು ರುಚಿಯಾದ ಮೊಟ್ಟೆ ನಾನು ತಿಂದೇ ಇಲ್ಲ," ಎಂದ.

"ಛೀ," ಎಂದಳು ಅವಳು.

ಅಷ್ಟೇ. ಆ ಹೊತ್ತಿಗೆ ಏನನ್ನೂ ಯೋಚಿಸಿ ಹೇಳಿದ್ದಲ್ಲ, ಮುಚ್ಚಳ ತೆಗೆದಾಗ ತಲೆ ಹಿಂದಕ್ಕೆ ಹೋಗುವ ಹಾಗೆ ಬಾಯಿಂದ ಬಂದದ್ದು. ಕೈಯಲ್ಲಿದ್ದ ಮೊಟ್ಟೆಯನ್ನು ಪಾತ್ರೆಗೆ ಬಿಟ್ಟಳು. ಅವನು ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟ. ಅವಳು ಅದನ್ನು ತೆಗೆದು ತೊಳೆದಳು. ಮೂಸಿ ನೋಡಿದಳು. ಮತ್ತೆ ಸೋಪು ಹಚ್ಚಿ ತೊಳೆದಳು. ತಿರುಗಿದಾಗ ಅವನು ನೋಡುತ್ತಿದ್ದ.

"ನಾತ ಬರ್ತಾ ಇದೆಯಾ?" ಎಂದು ಕೇಳಿದ, ಅರ್ಧ ನಗುತ್ತ. ತಮಾಷೆಗೆ ತಿರುಗಿಸಲು ಅವನೇ ದಾರಿ ತೋರಿಸಿಕೊಟ್ಟಿದ್ದ. ಹೂಂ, ನಿನ್ನ ಕಾಲುಚೀಲದ್ದು, ಎಂದಿದ್ದರೆ ಸಾಕಿತ್ತು. ಅವಳು ಅವನ ಮುಖ ನೋಡದೆ, "ಬರ್ತಾ ಇದೆ," ಎಂದಳು.

ಮರುದಿನ ಬೆಳಿಗ್ಗೆ ಅವನು ಹೊರಟಾಗ ಅವಳು ಡೈರಿಗೆ ಹೋಗಿದ್ದಳು, ಮೊದಲ ಪಾಳಿ. ಅಂದು ಅವಳ ಸರದಿಯಿರಲಿಲ್ಲ, ಬದಲಾಯಿಸಿಕೊಂಡಿದ್ದಳು.

ಅವನು ಒತ್ತದೆ ಬಂದನೆಂದಾದರೆ ಕೊಂದದ್ದು ಆ ಛೀ. ಒತ್ತಿದ, ಕೊಕ್ಕೆ ಬಿಗಿದಿತ್ತು ಎಂದಾದರೆ ಅವನು ಕೊನೆಯವರೆಗೂ ಮೊಟ್ಟೆ ತಿನ್ನಲು ಹಿಂತಿರುಗುತ್ತಿದ್ದವನು. ಎರಡರಲ್ಲಿ ತನಗೆ ಯಾವುದು ಬೇಕು? ಕೆಲವು ದಿನ ಒಂದು, ಕೆಲವು ದಿನ ಇನ್ನೊಂದು. ಅಣ್ಣ ಒಳ್ಳೆಯವನಾಗಿ ಸಾಯಲಿ ಎಂದು ಬಯಸಿದರೆ ತಾನು ಕೊಂದವಳಾಗಬೇಕು. ತಾನು ತಪ್ಪಿಸಿಕೊಳ್ಳಬೇಕೆಂದರೆ ಅವನು ಹಾಗೆಯೇ ಸಾಯಬೇಕು. ಸತ್ತವನ ಜೊತೆ ಹೀಗೆ ಚೌಕಾಸಿ ಮಾಡುತ್ತ ಮಲಗಿರುವ ಇವಳ ಮುಖವನ್ನೇ ಅವನಿಗೆ ಅಂಟಿಸುತ್ತಾರೆ, ಮಕ್ಕಳು ಸಾಲಾಗಿ ಬಂದು ಕೈಯೆತ್ತಿ ವಂದಿಸುತ್ತಾರೆ. ಅವಳಿಗೆ ನಗು ಬಂತೋ, ವಾಂತಿ ಬಂತೋ ತಿಳಿಯಲಿಲ್ಲ. ಕೈ ಎತ್ತಿಬಿಡಬೇಕೆನಿಸಿತು. ಬೆಂಚಿನ ಅಂಚನ್ನು ಹಿಡಿದಿದ್ದ ಬೆರಳುಗಳು ಸಡಿಲವಾದವು. ಅಷ್ಟರಲ್ಲಿ ಪಾದದ ಮೇಲೆ ಒಂದು ಕೈ ಬಂತು. ಅಮ್ಮನದು. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳುಗಳು, ಅವಳ ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತಿದ್ದವು, ಹಸುಗೂಸಿನ ಕಾಲು ಹಿಡಿದ ಹಾಗೆ. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ. ಅವಳು ಕೈ ಎತ್ತಲಿಲ್ಲ.

"ಆಯ್ತು, ಗಟ್ಟಿಯಾಯ್ತು," ಎಂದ ಶಿಲ್ಪಿ, ಹಣೆಯ ಮೇಲೆ ಗೆಣ್ಣಿನಿಂದ ತಟ್ಟಿ. ಅದರ ಸದ್ದು ತಲೆಬುರುಡೆಯ ಒಳಗೆ ಕೇಳಿತು. "ಈಗ ಎದ್ದು ಕೂತು, ಮುಂದಕ್ಕೆ ಬಗ್ಗಿ, ಒಳಗೊಳಗೆ ಕೆನ್ನೆ ಉಬ್ಬಿಸಿ."

ಮುಖ ಮುಖದಿಂದ ಬಿಡಿಸಿಕೊಂಡು ಅವನ ಅಂಗೈಗೆ ಬಿತ್ತು. ಗಾಳಿ ತಣ್ಣಗೆ ಹೊಡೆಯಿತು, ಅದರ ಹಿಂದೆಯೇ ವಾಸನೆಗಳು, ಸುಣ್ಣ, ಸಿಗರೇಟು, ಹೆಡ್‌ಮಾಸ್ಟರ ತಲೆಯೆಣ್ಣೆ. ರೆಪ್ಪೆಗಳಿಗೆ ಬಿಳಿ ಹುಡಿ ಅಂಟಿ ಎಲ್ಲವೂ ಮಂಜಾಗಿ ಕಂಡವು. ಶಿಲ್ಪಿ ಯಾರ ಕಡೆಯೂ ನೋಡದೆ ಅಚ್ಚಿನ ಒಳಭಾಗಕ್ಕೆ ಬ್ರಷ್ಷಿನಿಂದ ಸೋಪಿನ ನೀರು ಸವರಿ, ಚಪ್ಪಟೆಯಾಗಿ ತಟ್ಟಿದ ಹಸಿಮಣ್ಣನ್ನು ಒಳಗಿಟ್ಟು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ಒತ್ತುತ್ತ ಹೋದ. "ಸರಿಯಾಗಿ ಬಂದಿದೆಯಾ ಅಂತ ಒಂದ್ಸಲ ನೋಡಿಬಿಡೋಣ," ಎಂದು ಅದನ್ನು ಹಲಗೆಯ ಮೇಲೆ ಬೋರಲು ಹಾಕಿ, ಪ್ಲಾಸ್ಟರನ್ನು ಮೆಲ್ಲಗೆ ಮೇಲೆತ್ತಿದ.

ಹಲಗೆಯ ಮೇಲೆ ಮಣ್ಣಿನ ಮುಖವೊಂದು ಕಣ್ಣುಮುಚ್ಚಿ ಮಲಗಿತ್ತು. ಮೂಗಿನ ಹೊಳ್ಳೆಗಳು ಮೇಲಕ್ಕೆ ಎಳೆದುಕೊಂಡಿದ್ದವು. ಬಾಯಿಯ ಎಡತುದಿ ಕೆಳಗೆ ಜಗ್ಗಿ, ಮೇಲ್ತುಟಿ ತುಸುವೇ ಎದ್ದಿತ್ತು. ಉಗುಳಲು ಹೊರಟು ಉಗುಳದೆ ನಿಂತ ಬಾಯಿ. ತಾನು ಅಲುಗಾಡಲೇ ಇಲ್ಲವೆಂದು ಅವಳು ಅಂದುಕೊಂಡಿದ್ದಳು.

"ಅಯ್ಯೋ, ಇದೇನ್ರಿ ಇದು," ಎಂದರು ಹೆಡ್‌ಮಾಸ್ಟರು. "ಕೊಳೆತದ್ದೇನೋ ಮೂಸಿ ನೋಡಿದ ಹಾಗಿದೆ!"

"ದಿನಾ ಅದೇ ಕೆಲ್ಸ ಅಲ್ವಾ ಪಾಪ," ಎಂದ ಮಾವ.

ಅಮ್ಮ ಎದ್ದು ಬಂದಿದ್ದಳು. ಹಲಗೆಯ ಮುಂದೆ ನಿಂತು ಕೈಯಲ್ಲಿದ್ದ ಟವಲನ್ನು ಎದೆಗೆ ಒತ್ತಿಕೊಂಡಳು. ಅವಳ ಗಂಟಲಿನಿಂದ ಬಂದ ಸದ್ದು ಅಳುವಾಗಿರಲಿಲ್ಲ, ಬಹಳ ಹೊತ್ತು ಹುಡುಕಿದ ವಸ್ತು ಸಿಕ್ಕಾಗ ಬರುವ ಉದ್ಗಾರವಾಗಿತ್ತು. "ಇವನೇ," ಎಂದಳು. "ಇವನೇ ಕಣೋ. ಹೊರಟ ದಿನ ಬಾಗಿಲಲ್ಲಿ ಹೀಗೇ ನಿಂತಿದ್ದ. ಮುಖ ಹೀಗೇ ಮಾಡ್ಕೊಂಡು. ಎರಡು ಕೈನೂ ಹೀಗೆ ಮೂಗಿನ ಹತ್ರ ತಂದು ಮೂಸಿ ನೋಡ್ಕೋತಾ ಇದ್ದ. ಏನೋ ಅದು ಅಂದೆ. ಏನಿಲ್ಲಮ್ಮಾ ಅಂದ. ಬಚ್ಚಲಿಗೆ ಹೋಗಿ ಕೈ ತೊಳ್ಕೊಂಡು ಬಂದ, ಮತ್ತೆ ಮೂಸಿದ, ಮತ್ತೆ ಹೋಗಿ ತೊಳ್ಕೊಂಡ. ಬಸ್ಸು ತಪ್ಪಿ ಹೋಗುತ್ತೆ ಅಂತ ನಾನೇ ಗದರಿಸಿ ಕಳಿಸಿದೆ."

ಅಮ್ಮ ಹೇಳಿದ್ದರ ಅರ್ಥ ಆ ಶೆಡ್ಡಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಬೆಂಚಿನ ಮೇಲೆ ಕೂತೇ ಇದ್ದಳು, ಮುಖದ ಮೇಲೆ ಉಳಿದಿದ್ದ ವ್ಯಾಸಲಿನ್ನಿನ ಜಿಡ್ಡಿನೊಂದಿಗೆ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ತಾಯಿ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಇದು ದಿನಾ ಮಕ್ಕಳು ನೋಡೋ ಅಂಥದ್ದು. ವೀರನ ಮುಖದಲ್ಲಿ ಒಂದು ಪ್ರಸನ್ನತೆ ಬೇಡ್ವಾ?"

"ಅದಕ್ಕೇನಂತೆ. ಮಣ್ಣು ಹೇಳಿದ ಮಾತು ಕೇಳುತ್ತೆ," ಎಂದ ಶಿಲ್ಪಿ. ಹೆಬ್ಬೆರಳನ್ನು ನೀರಿಗದ್ದಿ ಆ ಬಾಯಿಯ ತುದಿಯ ಮೇಲೆ ಹಿಡಿದ, ಇನ್ನೂ ಮುಟ್ಟಿರಲಿಲ್ಲ. "ಎಲ್ಲಿ ಒತ್ತಿದ್ರೆ ಏನಾಗುತ್ತೆ ಅಂತ ನಂಗೊತ್ತು."

"ಬೇಡ," ಎಂದಳು ಅಮ್ಮ. "ಬೇಡಪ್ಪಾ. ನಂಗೆ ಇದೇ ಇರ್ಲಿ." ಅವಳ ಮಾತನ್ನು ಆ ಇಬ್ಬರೂ ಗಂಡಸರು ಕೇಳಿಸಿಕೊಳ್ಳುವ ಹಾಗೆ ಕಾಣಲಿಲ್ಲ. ಅವಳು ಮಗಳ ಕಡೆ ತಿರುಗಿದಳು. "ನೀನಾದ್ರೂ ಹೇಳೇ ಪುಟ್ಟೀ. ನಿನ್ನ ಮುಖ, ನೀನು ಹೇಳಿದ್ರೆ ಕೇಳ್ತಾರೆ."

ಎಲ್ಲರೂ ಅವಳನ್ನು ನೋಡಿದರು. ಶಿಲ್ಪಿಯ ಹೆಬ್ಬೆರಳಿನಿಂದ ನೀರಿನ ಒಂದು ಹನಿ ಮಣ್ಣಿನ ತುಟಿಯ ಮೇಲೆ ಬಿತ್ತು. ಅವಳಿಗೆ ಆ ಮುಖವನ್ನು ನೋಡಲಾಗಲಿಲ್ಲ. ಅದು ಗೇಟಿನಲ್ಲಿ ನಿಲ್ಲುತ್ತದೆ. ಡೈರಿಯ ಬಸ್ಸು ದಿನವೂ ಅದೇ ಗೇಟಿನ ಮುಂದೆ ಹಾದುಹೋಗುತ್ತದೆ. ಅಲ್ಲಿ ಅವನು, ಇವಳ ಛೀ ಎನ್ನುವುದನ್ನು ಮುಖಕ್ಕೆ ತೊಟ್ಟುಕೊಂಡು, ತನ್ನ ಕೈಗಳು ಎಲ್ಲಿ ಹೋದವೆಂದು ತಿಳಿಯದೆ, ಎದೆಮಟ್ಟಕ್ಕೆ ಕತ್ತರಿಸಿ ಹೋದವನಾಗಿ, ಕಂಚಿನಲ್ಲಿ, ಯಾವತ್ತೂ. ಅಮ್ಮ ಕಾಯುತ್ತಿದ್ದಳು. ಅಮ್ಮನ ಕಣ್ಣುಗಳಲ್ಲಿ ಎಷ್ಟೋ ತಿಂಗಳಲ್ಲಿ ಮೊದಲ ಬಾರಿ ಒಂದು ಬೆಳಕು ಕಂಡಿತ್ತು.

"ಒತ್ಲಿ ಬಿಡಮ್ಮಾ," ಎಂದಳು.

ಹೆಬ್ಬೆರಳು ಇಳಿಯಿತು. ಒಂದು ಸಲ ಬಾಯಿಯ ತುದಿಯಲ್ಲಿ, ಮೇಲ್ಮುಖವಾಗಿ. ಒಂದು ಸಲ ಮೂಗಿನ ಪಕ್ಕದ ಗೆರೆಯ ಮೇಲೆ. ಆಮೇಲೆ ಬೆರಳಿನ ಹೊಟ್ಟೆಯಿಂದ ತುಟಿಯುದ್ದಕ್ಕೂ ಒಮ್ಮೆ ಸವರಿದಾಗ ಒಬ್ಬ ಒಳ್ಳೆಯ ಹುಡುಗ ಹಲಗೆಯ ಮೇಲೆ ಮಲಗಿ ಮುಗುಳ್ನಗುತ್ತಿದ್ದ. ಯಾರಿಗೂ ಏನೂ ಮಾಡದವನು. "ಆಹಾ," ಎಂದರು ಹೆಡ್‌ಮಾಸ್ಟರು. "ಈಗ ಬಂದ ನೋಡಿ ನಮ್ಮ ಹುಡುಗ!" ಮಾವ ಮೂಗು ಸೀಟಿಕೊಂಡ, ನಿಜವಾಗಿಯೇ ಅಳುತ್ತಿದ್ದ. ಅವಳು ಬೆಂಚಿನಿಂದ ಇಳಿದಳು. ತೀರಿತು ಎಂದುಕೊಂಡಳು. ತೀರಿದ್ದಕ್ಕೆ ಹಗುರವಾದ ಮೈಯನ್ನು ಕಂಡು ತನ್ನ ಮೇಲೆಯೇ ಅಸಹ್ಯವಾಗಿ ಹೊರಗೆ ನಡೆದಳು.

ಶೆಡ್ಡಿನ ಪಕ್ಕದಲ್ಲಿ ಒಂದು ನಲ್ಲಿಯಿತ್ತು, ಅದರ ಕೆಳಗೆ ಸುಣ್ಣಗಟ್ಟಿದ ಬಕೆಟ್ಟು. ಅಮ್ಮ ಹಿಂದೆಯೇ ಬಂದಳು. ಬೈಯುತ್ತಾಳೆಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಟವಲಿನ ತುದಿಯನ್ನು ಒದ್ದೆ ಮಾಡಿ, ಇವಳ ಗಲ್ಲವನ್ನು ಎಡಗೈಯಲ್ಲಿ ಹಿಡಿದೆತ್ತಿ, ಹುಬ್ಬಿನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟರಿನ ಹರಳುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ನೋಯದ ಹಾಗೆ, ಊದಿ ಊದಿ. ಕಿವಿಯ ಹಿಂದೆ ಒರೆಸಿದಳು. ಮೂಗಿನ ಹೊಳ್ಳೆಯ ಅಂಚನ್ನು ಒರೆಸಿದಳು. ಅವಳ ಕೈಗೆ ಎಂದಿನ ವಾಸನೆಯೇ ಇತ್ತು, ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ.

"ಆಯ್ತು," ಎಂದಳು ಅಮ್ಮ. "ಈಗ ಮುಖ ಬಿಡು."

"ಬಿಟ್ಟಿದೀನಲ್ಲಮ್ಮಾ."

ಅಮ್ಮ ಗಲ್ಲ ಹಿಡಿದುಕೊಂಡೇ ಅವಳನ್ನು ನೋಡಿದಳು. ಬಹಳ ಹೊತ್ತು, ಸಾವಕಾಶವಾಗಿ. "ಇಲ್ಲ," ಎಂದಳು. ಒದ್ದೆಯಾದ ಹೆಬ್ಬೆರಳನ್ನು ಮಗಳ ಬಾಯಿಯ ಎಡತುದಿಗೆ ಇಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿದಳು. ಒತ್ತಿ ಹಿಡಿದಿರುವಷ್ಟು ಹೊತ್ತು ಬಾಯಿ ನೆಟ್ಟಗಿತ್ತು.